ಎರಡನೆಯ ಯಜಮಾನ

"ನಿಮ್ಮ ದಡದಲ್ಲಿ ಒಂದು ಹೆಸರು ಅಳಿಸಿದ್ರೆ ನನ್ನ ದಡದಲ್ಲೂ ಅಳಿಸಿಹೋಗುತ್ತೆ. ಅಷ್ಟೇ ತಾನೆ ಇಂಗುನ್, ನೀನು ಹೇಳ್ತಿರೋದು?" ಅಂದ ಟೋರ್ಲೈಫ್.

"ಅಷ್ಟೇ. ನೀನು ಬರೆದಿದ್ದು ನನಗೆ ಬರುತ್ತೆ, ನಾನು ಬರೆದಿದ್ದು ನಿನಗೆ. ಎರಡು ದಡದ ಸರ್ವರುಗಳೂ ಯಜಮಾನರೇ."

"ಹಾಗಾದ್ರೆ ಬೊರ್ಗಿಲ್ಡ್ ಗತಿ?"

ಕಡಲು ಬೆಟ್ಟಗಳ ನಡುವೆ ಒಳನುಗ್ಗಿ ಬಂದ ಫ್ಯೋರ್ಡಿನ ಎರಡು ದಡದ ಪುರಸಭೆಗಳು ಹೊಸ ವರ್ಷಕ್ಕೇ ಒಂದಾಗಿದ್ದವು. ನೌಕರರ ಹೆಸರು, ಪಾಸ್‌ವರ್ಡು, ಫೋನ್ ನಂಬರು ಇಟ್ಟುಕೊಂಡ ಸರ್ವರು ಮಾತ್ರ ಇನ್ನೂ ಅಲ್ಲೊಂದು, ಇಲ್ಲೊಂದು. ಅವೆರಡನ್ನೂ ಜೋಡಿಸೋಕೆ ನಾನು ಫೆರಿ ಹತ್ತಿ ಬಂದಿದ್ದೆ. ಶುಕ್ರವಾರವಾದ್ದರಿಂದ ಕಚೇರಿಯ ವಾಡಿಕೆಯಂತೆ ಕೆಳಗೆ ವಾಫೆಲ್, ಜಾಮು ಹಚ್ಚಿ ತಿನ್ನುವ ಸಿಹಿ ದೋಸೆ, ಸುಡುತ್ತಿದ್ದರು. ತನ್ನ ಪಾಲಿನದನ್ನು ತಂದಿಟ್ಟುಕೊಂಡ ಟೋರ್ಲೈಫ್ ಅದನ್ನು ಮುಟ್ಟಿಯೇ ಇರಲಿಲ್ಲ.

ಮುದುಕರ ಮನೆಗೆ ದಾದಿಯರನ್ನು ಕಳಿಸುವ ವಿಭಾಗದಲ್ಲಿ ಫೋನು ಎತ್ತುತ್ತಿದ್ದವಳು ಬೊರ್ಗಿಲ್ಡ್. ಚಳಿಗಾಲದಲ್ಲಿ ತೀರಿಕೊಂಡಳು. ಹೊರದ್ವೀಪಗಳ ಮುದುಕಿಯರಿಗೆ ಗೊತ್ತಿದ್ದದ್ದು ಅವಳ ನಂಬರು ಒಂದೇ. ಹೆಸರು ತೆಗೆದರೆ ಅದಕ್ಕೆ ಕಟ್ಟಿದ ನಂಬರೂ ಮೂಕವಾಗುತ್ತದೆ. ಅದಕ್ಕೇ ಟೋರ್ಲೈಫ್ ತೆಗೆದಿರಲಿಲ್ಲ. ಅವಳ ಫೋನನ್ನು ತನ್ನ ಮೇಜಿಗೆ ತಂದಿಟ್ಟುಕೊಂಡು ತಾನೇ ಎತ್ತುತ್ತಿದ್ದ.

"ಸಂಬಳ ಇಲ್ಲದವರ ಹೆಸರನ್ನ ನಮ್ಮ ಕಡೆ ಒಂದು ಪ್ರೋಗ್ರಾಮು ಪ್ರತಿ ಸೋಮವಾರ ಗುಡಿಸಿ ಹಾಕುತ್ತೆ," ಅಂದೆ. "ಜೋಡಿಸಿದ ಮೇಲೆ ಆ ಪೊರಕೆ ನಿನ್ನ ಕಡೆಗೂ ಬರುತ್ತೆ. ನಂಬರನ್ನ ನಿನ್ನ ಹೆಸರಿಗೆ ಬರೆದುಕೊಂಡುಬಿಡು."

"ಅದು ಅವಳ ನಂಬರು."

"ಹೊರದ್ವೀಪದ ಊಲೌಗ್ ಅಜ್ಜಿ ಸೋಮವಾರ ಫೋನು ಮಾಡಿದಾಗ ಯಾರೂ ಎತ್ತಲಿಲ್ಲ ಅಂದ್ರೆ?"

ಅವನು ಕುರ್ಚಿಯನ್ನು ಕೀಬೋರ್ಡಿನ ಹತ್ತಿರ ಎಳೆದುಕೊಂಡ. ನಮ್ಮ ಕಡೆಯವರನ್ನೂ ಅವನ ಸರ್ವರಿಗೆ ಮೊದಲೇ ಸೇರಿಸಿದ್ದೆವು. ಈಗ ಅದರಲ್ಲಿದ್ದ ಎಲ್ಲವನ್ನೂ ಒಟ್ಟಿಗೆ ನಕಲು ಮಾಡಿ ನಮ್ಮದರ ಮೇಲೆ ಸುರಿದೆವು. ಬೊರ್ಗಿಲ್ಡ್ ಫ್ಯೋರ್ಡು ದಾಟಿ ನಮ್ಮ ಕಡೆಗೂ ಬಂದಳು. ಇನ್ನು ಮುಂದಿನ ಬದಲಾವಣೆಗಳು ತಾವಾಗಿಯೇ ದಾಟಬೇಕಿತ್ತು. ಆಮೇಲೆ ಟೋರ್ಲೈಫ್ ನಿಧಾನಕ್ಕೆ, ಒಂದೊಂದೇ ಅಂಕಿ ಒತ್ತುತ್ತ, ತನ್ನ ಸರ್ವರಿನಲ್ಲಿ ನಂಬರನ್ನು ತನ್ನ ಹೆಸರಿಗೆ ಬರೆದ.

ನಮ್ಮ ಸರ್ವರಿನಲ್ಲಿ ನೋಡಿದೆ. ನಂಬರು ಇನ್ನೂ ಅವಳ ಹೆಸರಿನಲ್ಲೇ ಇತ್ತು. ಕಾದು ಮತ್ತೆ ನೋಡಿದರೂ ಅಷ್ಟೇ.

"ಬಿಟ್ಟುಕೊಡಲ್ಲ ಅಂತಿದ್ದಾಳೆ," ಅಂದ ಅವನು. ನಗು ಬರಲಿಲ್ಲ ಇಬ್ಬರಿಗೂ.

ಹುಡುಕಿದಾಗ ತಪ್ಪು ಸಿಕ್ಕಿತು. ಯಜಮಾನ ಸರ್ವರುಗಳಿಗೆ ಬೇರೆ ಬೇರೆ ಸಂಖ್ಯೆ ಕೊಡಬೇಕು. ಸಂಖ್ಯೆ ಒಂದೇ ಆದರೆ, ಆಚೆಯಿಂದ ಬಂದ ಬದಲಾವಣೆಯನ್ನು ಈಚೆಯದು ತನ್ನದೇ ಅಂದುಕೊಂಡು ಬಿಟ್ಟುಬಿಡುತ್ತದೆ. ಪುರಸಭೆಗಳು ಒಂದಾಗುವಾಗ ಯಾವ ದಡವೂ ಎರಡನೆಯದಲ್ಲ ಅಂತ ದೊಡ್ಡ ಜಗಳವಾಡಿ ನಿರ್ಣಯ ಮಾಡಿದ್ದರು. ಅದೇ ಗುಂಗಿನಲ್ಲಿ ನಾನು ಅಲ್ಲಿ ಒಂದು ಅಂತ ಬರೆದಿದ್ದೆ, ಅವನು ಇಲ್ಲಿ ಒಂದು ಅಂತ ಬರೆದಿದ್ದ.

"ನಮ್ಮದನ್ನೇ ಎರಡು ಮಾಡ್ತೀನಿ ಬಿಡು," ಅಂದೆ.

"ಬೇಡ. ಆ ಜಗಳದ ಸಭೆ ಮುಗಿಸಿ ಬಂದಾಗ ಬೊರ್ಗಿಲ್ಡ್ ನನಗೆ ಚೆನ್ನಾಗಿ ಬೈದಿದ್ಲು. ಅಜ್ಜಿಯರ ಮನೆಗೆ ದಾದಿ ಹೋದ್ರೆ ಸಾಕು, ಯಾವ ದಡದಿಂದ ಹೋದ್ರೇನು ಅಂತ." ಅವನೇ ತನ್ನ ಕಡೆ ಎರಡು ಅಂತ ಬರೆದ. "ಸುರಿ ಮತ್ತೆ."

ಮತ್ತೆ ಸುರಿದೆವು. ನಂಬರು ಈಗ ಎರಡೂ ಕಡೆ ಟೋರ್ಲೈಫ್ ಹೆಸರಿನಲ್ಲಿತ್ತು. ಅದು ಸುರಿದಾಗ ಬಂದದ್ದು, ತಾನಾಗಿ ದಾಟಿ ಬಂದದ್ದಲ್ಲ. ಜೋಡಣೆ ಕೂತಿದೆಯಾ ಅಂತ ತಿಳಿಯಬೇಕಾದರೆ ಇನ್ನೊಂದು ಬದಲಾವಣೆ ಬೇಕಿತ್ತು.

"ನನ್ನ ಹೆಸರಲ್ಲಿ ಏನಾದ್ರೂ ಬದಲಾಯಿಸಿ ನೋಡೋಣ," ಅಂದೆ.

"ಸೋಮವಾರ ನಿಮ್ಮ ಪೊರಕೆ ಗುಡಿಸೋದು ಬೇಡ. ನಾನೇ ಕಳಿಸ್ತೀನಿ ಅವಳನ್ನ."

ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಒತ್ತಿದ ಸದ್ದು ಕೇಳಿತು. ನಮ್ಮ ಸರ್ವರಿನಲ್ಲಿ ಅವಳ ಹೆಸರು ಹುಡುಕಿದೆ.

"ಹೋಯ್ತಾ?"

"ಹೋಯ್ತು."

ಟೋರ್ಲೈಫ್ ತಟ್ಟೆ ಎಳೆದುಕೊಂಡು, ತಣ್ಣಗಾಗಿದ್ದ ವಾಫೆಲ್‌ ಮುರಿದು ಅರ್ಧ ನನ್ನ ಕಡೆ ಸರಿಸಿದ. ಅಷ್ಟರಲ್ಲಿ ಮೇಜಿನ ಮೇಲಿದ್ದ ಬೊರ್ಗಿಲ್ಡಳ ಫೋನು ಬಡಿದುಕೊಂಡಿತು. ಅವನು ಬೆರಳಿಗೆ ಅಂಟಿದ್ದ ಜಾಮನ್ನು ಪ್ಯಾಂಟಿಗೆ ಒರೆಸಿಕೊಂಡು ಫೋನು ಎತ್ತಿದ.