ವಿನಾಯಿತಿ ಬರೆಯದ ಪರಮೇಶ್ವರಪ್ಪ

ಯಾವುದನ್ನು ಕಂಡರೂ ‘ಇದು ಯಾರದ್ರಿ?’ ಎಂದು ಕೇಳುವುದು ಪರಮೇಶ್ವರಪ್ಪನವರ ಚಾಳಿ. ಹೊಸ ಬಸ್ಸು, ಬೆಣ್ಣೆ ದೋಸೆಯ ಹೋಟೆಲು, ದಾರಿಬದಿಯಲ್ಲಿ ಹೊಗೆಯಾಡುವ ಮಂಡಕ್ಕಿ ಭಟ್ಟಿ, ಎಲ್ಲಕ್ಕೂ ಅದೇ ಪ್ರಶ್ನೆ. ಮಾಲೀಕನ ಹೆಸರು ಹೇಳಿದರೆ ತೃಪ್ತಿಯಿಲ್ಲ. ‘ದುಡಿಯೋರಿಗೆ ಅದ್ರಾಗೆ ಏನೈತೆ?’ ಎಂದು ಮುಂದುವರಿಸುತ್ತಾರೆ. ಒಮ್ಮೆ ಮದುವೆಯ ಪಂಕ್ತಿಯಲ್ಲಿ ಬಡಿಸುವವನನ್ನೇ ನಿಲ್ಲಿಸಿ ವಿಚಾರಣೆ ನಡೆಸಿದಾಗ ಪತ್ನಿ ಸರ್ವಮಂಗಳಮ್ಮ, ‘ಮೊದ್ಲು ಹೋಳಿಗೆ ಹಾಕಿಸ್ಕಳ್ರಿ, ಆಮೇಲೆ ಸಂಘ ಕಟ್ರಿ’ ಎಂದಿದ್ದರು.

ಸರಸ್ವತಿ ನಗರದ ನಮ್ಮ ಬೀದಿಯಲ್ಲಿ ಅವರನ್ನು ದೂರದಿಂದಲೇ ಗುರುತಿಸಬಹುದು: ಎಲೆ ಅಲುಗದ ದಿನವೂ ಎದುರುಗಾಳಿಗೆಂಬಂತೆ ಬಾಗಿದ ಮೈ, ಏಪ್ರಿಲ್ ಬಿಸಿಲಿನಲ್ಲೂ ಕಳಚದ ಕಂದು ಕೋಟು, ಅದರ ಜೇಬಿನಲ್ಲಿ ಮಂಡಕ್ಕಿ. ದಲಾಲಿ ಅಂಗಡಿಯ ಮನೆತನದಲ್ಲಿ ಹುಟ್ಟಿ ಸಹಕಾರ ಇಲಾಖೆ ಸೇರಿದ್ದಕ್ಕೆ ಅಣ್ಣತಮ್ಮಂದಿರು ಇಂದಿಗೂ ‘ಸಂಘದಪ್ಪ’ ಎಂದು ಛೇಡಿಸುತ್ತಾರೆ. ಸಿಟ್ಟು ಬಂದರೆ ಉತ್ತರಿಸುವುದಿಲ್ಲ. ಚಿಟಿಕೆ ಮಂಡಕ್ಕಿ ಬಾಯಿಗೆ ಹಾಕಿಕೊಂಡು, ಅದು ಕರಗುವವರೆಗೆ ಸುಮ್ಮನಿರುತ್ತಾರೆ.

ನಿವೃತ್ತಿಯ ನಂತರ ಸರ್ಕಾರ ಅವರನ್ನು ಒಂದು ಸಮಿತಿಗೆ ಕರೆಯಿತು. ಸರ್ಕಾರಿ ಹಾಸ್ಟೆಲುಗಳು ಸಹಕಾರ ಸಂಘಗಳಿಂದ ಟೆಂಡರಿಲ್ಲದೆ ನೇರವಾಗಿ ಆಹಾರ ಕೊಳ್ಳಬೇಕೆಂಬ ನೀತಿಯ ಕರಡು ತಯಾರಾಗುತ್ತಿತ್ತು. ಸಂಘದಲ್ಲಿ ದುಡಿಯುವವರೆಲ್ಲ ಅದರ ಸದಸ್ಯರಾಗಿರಬೇಕು, ಎಲ್ಲರಿಗೂ ಒಂದೊಂದು ಮತವಿರಬೇಕು ಎಂಬ ಷರತ್ತನ್ನು ಹಟ ಹಿಡಿದು ಸೇರಿಸಿದವರು ಇವರೇ.

ಆ ಷರತ್ತು ಮೊದಲು ತಾಗಿದ್ದು ಹರಿಹರದ ರೊಟ್ಟಿ ಸಂಘಕ್ಕೆ. ಖಾನಾವಳಿಯೊಂದರಲ್ಲಿ ಕೂಲಿಗೆ ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಹೊರಬಂದು ಕಟ್ಟಿದ, ಪರಮೇಶ್ವರಪ್ಪನವರೇ ನೋಂದಣಿ ಮಾಡಿಸಿ ಕೂಸಿನಂತೆ ಸಾಕಿದ ಸಂಘ ಅದು. ಟೆಂಡರಿನಲ್ಲಿ ಸಿಗುತ್ತಿದ್ದ ಹಾಸ್ಟೆಲುಗಳ ಬೇಡಿಕೆ ಹೆಚ್ಚಿದಂತೆ ಆ ಹೆಂಗಸರು ಸುತ್ತಲ ಹಳ್ಳಿಗಳಿಂದ ಬೇರೆಯವರನ್ನು ದಿನಗೂಲಿಗೆ ಕರೆತಂದಿದ್ದರು. ಈಗ ಒಲೆಯ ಮುಂದೆ ಕೂಲಿಯವರು, ತಕ್ಕಡಿಯ ಮುಂದೆ ಸದಸ್ಯರು. ಷರತ್ತು ಹಾಗೇ ಉಳಿದರೆ ಹಾಸ್ಟೆಲುಗಳ ವ್ಯಾಪಾರ ಕೈತಪ್ಪುತ್ತಿತ್ತು. ಹಳೆಯ ಸಂಘಗಳಿಗೆ ವಿನಾಯಿತಿ ಎಂದು ಒಂದು ಸಾಲು ಬರೆದಿದ್ದರೆ ಸಮಿತಿಯಲ್ಲಿ ಯಾರೂ ಬೇಡವೆನ್ನುತ್ತಿರಲಿಲ್ಲ.

ಅವರು ಬರೆಯಲಿಲ್ಲ. ವಿಷಯವನ್ನು ತಾವೇ ತಿಳಿಸಬೇಕೆಂದು ಹರಿಹರದ ಬಸ್ಸು ಹತ್ತಿದರು. ಜೊತೆಗೆ ನಾನೂ ಹೋದೆ.

‘ಬರ್ರಿ ಸಾಹೇಬ್ರ, ಕೂಡ್ರಿ’ ಎಂದರು ಸಂಘದ ಅಧ್ಯಕ್ಷೆ ಕೊಟ್ರವ್ವ. ‘ಸುದ್ದಿ ಮುಟ್ಟೈತಿ. ಸಾಕಿದ ಕೂಸಿನ ಬಾಯಾಗಿನ ತುತ್ತು ಕಸಿಯಾಕ ಬಂದ್ರೇನು?’

‘ಕಸಿಯಾಕಲ್ಲವ್ವ. ಒಲೆ ಮುಂದಿರೋ ಇವ್ರನ್ನೂ ಮೆಂಬರ್ ಮಾಡ್ಕಳ್ರಿ ಅಂತ ಕೇಳಾಕ.’

ಒಲೆಯ ಮುಂದೆ ಕೂಲಿಯ ಲಕ್ಷ್ಮೀದೇವಿಯ ಕೈ ಹಿಟ್ಟಿನ ಮೇಲೆ ನಿಂತಿತು.

‘ಈ ಸಂಘಕ್ಕಾಗಿ ಬೈಸ್ಕಂಡೋರು, ಉಪಾಸ ಇದ್ದೋರು ನಾವು. ಮೊನ್ನೆ ಬಂದೋರಿಗೂ ನಮಗೂ ಒಂದೇ ಓಟು ಅಂದ್ರೆ ಹೆಂಗ್ರಿ?’ ಎಂದರು ಕೊಟ್ರವ್ವ.

ಪರಮೇಶ್ವರಪ್ಪ ಕೋಟಿನ ಜೇಬಿಗೆ ಕೈ ಹಾಕಿದರು. ಏನೂ ತೆಗೆಯದೆ ಕೈ ಹಿಂದಕ್ಕೆ ಬಂತು. ‘ನೀವು ಪಾಲು ಕೇಳಿದಾಗ ಖಾನಾವಳಿಯೋನೂ ಹಿಂಗೇ ಅಂದಿದ್ದ, ಕೊಟ್ರವ್ವ.’

‘ಅವನ ಜೊತಿಗೆ ನನ್ನ ತೂಗಬ್ಯಾಡ್ರಿ’ ಎಂದರು ಆಕೆ, ಬಹಳ ಮೆಲ್ಲಗೆ. ಚಹಾ ಬಂತು, ಕುಡಿದು ಎದ್ದೆವು.

ಮುಂದಿನ ಮಹಾಸಭೆಯಲ್ಲಿ ಕೂಲಿಯವರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಮೊದಲು ಕೈ ಎತ್ತಿದವರು ಕೊಟ್ರವ್ವನೇ. ಹಾಸ್ಟೆಲುಗಳ ವ್ಯಾಪಾರ ಉಳಿಯಿತು. ಆದರೆ ಮರುವರ್ಷದ ಚುನಾವಣೆಯಲ್ಲಿ ಹೊಸ ಮತಗಳು ಒಂದಾಗಿ ಲಕ್ಷ್ಮೀದೇವಿಯನ್ನು ಅಧ್ಯಕ್ಷೆ ಮಾಡಿದವು. ಸುದ್ದಿ ತಿಳಿದ ದಿನವೇ ಪರಮೇಶ್ವರಪ್ಪ ಕೊಟ್ರವ್ವನ ಮನೆಗೆ ಹೋದರು. ‘ಸಂಘ ಗೆಲ್ತು ಸಾಹೇಬ್ರ, ನಾನು ಸೋತೆ. ನಿಮಗೆ ಸಮಾಧಾನ ಆತಲ್ಲ?’ ಎಂದು ಆಕೆ ಕೇಳಿದರೆಂದು ಅವರೇ ನನಗೆ ಹೇಳಿದರು. ಮರುವಾರ ಮತ್ತೆ ಹೋದರು. ಈಗಲೂ ಹೋಗುತ್ತಾರೆ. ಆಕೆ ಇನ್ನೂ ಸರಿಯಾಗಿ ಮಾತಾಡುವುದಿಲ್ಲ.

ಮುಖ ಕಾಣದ ಜನರಿಗೆ ನಿಯಮ ಬರೆಯುವುದು ಸುಲಭ. ತಮ್ಮವರಿಗಾಗಿ ಅದನ್ನು ಸಡಿಲಿಸುವುದು ಇನ್ನೂ ಸುಲಭ. ಇವೆರಡನ್ನೂ ಒಲ್ಲದವರು ಅಪರೂಪಕ್ಕೆ ಸಿಗುತ್ತಾರೆ. ಬರೆಯುವಾಗಲೇ ಅದು ಯಾರ ಮನೆಗೆ ತಾಗುವುದೆಂದು ಅವರು ಬಲ್ಲರು. ಬರೆದ ಮೇಲೆ ಆ ಮನೆಯ ಅಂಗಳಕ್ಕೆ ತಾವೇ ನಡೆದು ಹೋಗಿ, ಬೈಗುಳ ಮುಗಿಯುವವರೆಗೆ ನಿಂತಿರುತ್ತಾರೆ.