ಉಬ್ಬದ ಹಿಟ್ಟು

ಆಂಬುಲೆನ್ಸ್ ಓಡಿಸುವ ಮನುಷ್ಯನಿಗೆ ತಾಳ್ಮೆಯ ಪಾಠ ಹೇಳಿಕೊಡುವ ಕೆಲಸ ಒಪ್ಪಿಸಿದ್ದರಲ್ಲಿ ಚರ್ಚಿನ ಸಭಾಪಾಲಕರ ತಪ್ಪೇನೂ ಇರಲಿಲ್ಲ. ಸಂಡೇ ಸ್ಕೂಲಿನ ಟೀಚರಮ್ಮ ಮೆಟ್ಟಿಲು ಜಾರಿ ಕಾಲು ಮುರಿದುಕೊಂಡಿದ್ದರು. ಬೇರೆ ಯಾರನ್ನು ಕೇಳಿದರೂ ಒಬ್ಬರಿಗೆ ಗಂಟಲು ಕಟ್ಟಿತ್ತು, ಇನ್ನೊಬ್ಬರ ಮನೆಗೆ ನೆಂಟರು ಬರುವವರಿದ್ದರು. ಡ್ರೈವರ್ ಮಾತ್ರ ಸಭಾಪಾಲಕರು ಬಾಯಿ ತೆರೆಯುತ್ತಿದ್ದಂತೆಯೇ, "ಆಯ್ತು ಅಯ್ಯನವರೇ, ಮಾಡ್ತೀನಿ" ಅಂದುಬಿಟ್ಟ. ಯಾರ ಮಾತನ್ನೂ ಕೊನೆಯವರೆಗೆ ಕೇಳುವ ಅಭ್ಯಾಸ ಅವನಿಗಿರಲಿಲ್ಲ. ಪಾಠ ತಾಳ್ಮೆಯ ಬಗ್ಗೆ ಅಂತ ಗೊತ್ತಾದದ್ದು ಆಮೇಲೆ.

ಸುದ್ದಿ ಕೇಳಿದ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಲಿಫ್ಟಿನ ಗುಂಡಿ ಒತ್ತಿ, ಅದು ಬರೋ ಅಷ್ಟರಲ್ಲಿ ಮೆಟ್ಟಿಲು ಹತ್ತಿ ಹೋಗೋರು ನೀವು. ಆರೋವರೆಗೂ ಕಾಯಕ್ಕಾಗದೆ ದಿನಾ ಟೀಲಿ ನಾಲಿಗೆ ಸುಟ್ಕೊಳ್ತೀರ. ನೀವು ತಾಳ್ಮೆ ಹೇಳಿಕೊಡ್ತೀರಾ?"

ನಕ್ಕು ಮುಗಿದ ಮೇಲೆ ಉಪಾಯ ಕೊಟ್ಟವಳೂ ಅವಳೇ. ಅವಳಿಗೆ ಬೇಕರಿಯಲ್ಲಿ ಕೆಲಸ. ಹಿಟ್ಟು, ಯೀಸ್ಟು ಎಲ್ಲ ಒಂದು ಚೀಲಕ್ಕೆ ತುಂಬುತ್ತಾ ಹೇಳಿದಳು, "ಮಕ್ಕಳ ಕೈಲಿ ಬ್ರೆಡ್ ಹಿಟ್ಟು ನಾದಿಸಿ. ಬಟ್ಟೆ ಮುಚ್ಚಿಟ್ಟು ಸುಮ್ಮನೆ ಕಾಯ್ಲಿ. ಹಿಟ್ಟು ತಾನಾಗೇ ಉಬ್ಬುತ್ತೆ. ನಮಗೆ ಕಾಣದೇ ಇದ್ರೂ ದೇವರು ಒಳಗೆ ಕೆಲಸ ಮಾಡ್ತಿರ್ತಾನೆ ಅಂತ ಹೇಳಿ, ಮಕ್ಕಳಿಗೆ ಅರ್ಥವಾಗುತ್ತೆ. ಆದ್ರೆ ಯೀಸ್ಟ್ ಹಾಕುವಾಗ..."

ಅಷ್ಟರಲ್ಲಿ ಗಂಡ ಹಿಟ್ಟಿನ ಚೀಲ ಹೆಗಲಿಗೇರಿಸಿ ಬಾಗಿಲು ದಾಟಿದ್ದ.

ಪ್ರಾರ್ಥನಾ ಮಂದಿರದ ಹಿಂಬದಿಯಲ್ಲಿ ಒಂದು ಅಡುಗೆಕೋಣೆ ಇತ್ತು. ಉದ್ದನೆಯ ಮೇಜು, ಹಳೆಯ ಓವನ್ನು, ಆರಾಧನೆ ಮುಗಿದ ಮೇಲೆ ಎಲ್ಲರಿಗೂ ಟೀ ಮಾಡುವ ದೊಡ್ಡ ಕೆಟಲ್ಲು. ಹತ್ತು ಹನ್ನೊಂದರ ವಯಸ್ಸಿನ ಏಳೆಂಟು ಮಕ್ಕಳು ಮೇಜಿನ ಸುತ್ತ ನೆರೆದರು. ಅವರಲ್ಲಿ ಇಬ್ಬರು ಅವಳಿ ಹುಡುಗರು. ಹುಟ್ಟುವಾಗ ಯಾರು ಮೊದಲು ಬಂದರು ಎಂಬ ಜಗಳ ಅವರಲ್ಲಿ ಇನ್ನೂ ಮುಗಿದಿರಲಿಲ್ಲ. ಇನ್ನೊಬ್ಬಳು ದಪ್ಪ ಜಡೆಯ ಹುಡುಗಿ. ಅವಳ ಪ್ರಶ್ನೆಗಳ ಕಾಟ ತಡೆಯಲಾರದೆ ಮನೆಯವರೇ ಅವಳನ್ನು ವಕೀಲಮ್ಮ ಎಂದು ಕರೆಯುತ್ತಿದ್ದರು.

ಡ್ರೈವರ್ ಬಟ್ಟಲಿಗೆ ಯೀಸ್ಟ್ ಸುರಿದ. ಕೆಟಲ್ಲು ಆಗತಾನೇ ಕುದಿದು ಹೊಗೆಯಾಡುತ್ತಿತ್ತು. "ಬಿಸಿ ಇದ್ದಷ್ಟೂ ಬೇಗ ಉಬ್ಬುತ್ತೆ" ಅಂತ ಹೇಳಿ ಅದನ್ನೇ ಧಾರಾಳವಾಗಿ ಹುಯ್ದ. ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. ಸಣ್ಣ ಅಕ್ಷರ ಓದುವಷ್ಟು ಪುರುಸೊತ್ತು ಅವನಿಗೆ ಜನ್ಮದಲ್ಲೇ ಇರಲಿಲ್ಲ.

ನಾದುವ ಕೆಲಸ ಜೋರಾಗಿ ನಡೆಯಿತು. ಅವಳಿಗಳ ಹುಬ್ಬು ಬೆಳ್ಳಗಾಯಿತು. ಕೊನೆಗೆ ಹಿಟ್ಟಿನ ಉಂಡೆಯನ್ನು ದೊಡ್ಡ ಪಾತ್ರೆಯಲ್ಲಿಟ್ಟು ಬಟ್ಟೆ ಮುಚ್ಚಿದರು. ಹೆಂಡತಿ ಹೇಳಿಕೊಟ್ಟದ್ದನ್ನೆಲ್ಲ ಡ್ರೈವರ್ ಒಂದೇ ಉಸಿರಿಗೆ ಒಪ್ಪಿಸಿ, "ಇನ್ನು ಯಾರೂ ಬಟ್ಟೆ ಮುಟ್ಟಬಾರದು. ನಂಬಿ ಕಾಯಬೇಕು" ಅಂದ.

ಮೊದಲು ಬಟ್ಟೆ ಎತ್ತಿದವನು ಅವನೇ.

"ಅಂಕಲ್! ನೀವೇ ತೆಗೆದ್ರಲ್ಲ!"

"ಇಲ್ಲಪ್ಪ, ಪರೀಕ್ಷೆ ಮಾಡ್ತಿದ್ದೆ."

"ಯಾರನ್ನ, ದೇವರನ್ನಾ?" ಅಂದಳು ವಕೀಲಮ್ಮ.

ಡ್ರೈವರ್ ಕೈ ಹಿಂದಕ್ಕೆ ಕಟ್ಟಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತ. ಕಾಲು ಮಾತ್ರ ಆಕ್ಸಿಲರೇಟರ್ ತುಳಿಯುವಂತೆ ನೆಲ ಒತ್ತುತ್ತಲೇ ಇತ್ತು. ಮಕ್ಕಳು ಹಾಡಿದರು. ಆಟ ಆಡಿದರು. ಪ್ರಾರ್ಥನೆಯನ್ನೂ ಮಾಡಿದರು. ಅವಳಿಗಳಲ್ಲೊಬ್ಬ, "ದೇವರೇ, ಹಿಟ್ಟು ಉಬ್ಬಿಸು, ಇವನ ಭಾಗಕ್ಕಿಂತ ನನ್ನ ಭಾಗ ಜಾಸ್ತಿ ಉಬ್ಬಿಸು" ಅಂದ. ಆಮೆನ್ ಹೇಳುವ ಮೊದಲೇ ಅವನ ಬೆನ್ನಿಗೊಂದು ಗುದ್ದು ಬಿತ್ತು.

ಹಿಟ್ಟು ಮಾತ್ರ ಇಟ್ಟಲ್ಲೇ ಕಲ್ಲಿನ ಹಾಗೆ ಕೂತಿತ್ತು.

"ಅಂಕಲ್, ಒಂದು ಕೇಳ್ಲಾ?" ಅಂದಳು ವಕೀಲಮ್ಮ. "ಕಾದ್ರೆ ಉಬ್ಬುತ್ತೆ ಅಂತೀರ. ಒಳಗೆ ಏನಾದ್ರೂ ಕೆಟ್ಟುಹೋಗಿದ್ರೆ? ಆಗ ನಾವು ಕಾಯೋದು ತಾಳ್ಮೆನೋ ದಡ್ಡತನನೋ? ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತಲ್ಲ."

ಡ್ರೈವರ್ ಬಟ್ಟೆ ಸರಿಸಿ ಹಿಟ್ಟನ್ನು ಎರಡೂ ಕೈಯಲ್ಲಿ ಒತ್ತಿ ನೋಡಿದ. ಹೆಂಡತಿಗೆ ಫೋನ್ ಮಾಡಿದ. ಕೈಯೆಲ್ಲ ಹಿಟ್ಟಾಗಿದ್ದರಿಂದ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ.

"ಯೀಸ್ಟ್‌ಗೆ ಎಂಥ ನೀರು ಹಾಕಿದ್ರಿ?" ಅಂದಳು ಅವಳು.

"ಕುದಿಯೋ ನೀರು. ಯಾಕೆ?"

ಆ ಕಡೆ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. ಆಮೇಲೆ, "ಕೊಂದ್ರಿ. ಅದಕ್ಕೂ ಜೀವ ಇರುತ್ತೆ ರೀ! ಜೀವ ಉಳಿಸೋ ಗಾಡಿ ಓಡಿಸೋರು, ಪಾಪ, ಒಂದು ಯೀಸ್ಟನ್ನ ಉಳಿಸ್ಕೊಳ್ಳಕ್ಕಾಗಲಿಲ್ವಾ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಒಬ್ಬ ಹುಡುಗ ಮೇಜಿನ ಕೆಳಗೇ ಹೋದ.

"ಚೀಲದ ತಳದಲ್ಲಿ ನೋಡಿ, ಇನ್ನೊಂದು ಪೊಟ್ಟಣ ಇದೆ" ಅಂದಳು ಹೆಂಡತಿ. "ಹೀಗೇ ಮಾಡ್ತೀರ ಅಂತ ಗೊತ್ತಿದ್ದೇ ಎರಡು ಇಟ್ಟಿದ್ದೆ. ನೀರು ಬೆರಳಿಗೆ ಸುಡಬಾರದು, ಬೆಚ್ಚಗಿರಬೇಕು, ಅಷ್ಟೇ."

ಕೆಟ್ಟ ಹಿಟ್ಟನ್ನು ತೆಗೆದಿಟ್ಟು, ಕೆಟಲ್ಲಿನ ನೀರು ಆರಲೆಂದು ಬಟ್ಟಲಿಗೆ ಹುಯ್ದರು. ಉಳಿದ ಮಕ್ಕಳು ಮೇಜು ಒರೆಸಲು ಹೋದರು. ಬಟ್ಟಲಿನ ಮುಂದೆ ಡ್ರೈವರ್ ಮತ್ತು ವಕೀಲಮ್ಮ ಇಬ್ಬರೇ ಕೂತರು.

"ನಮ್ಮಜ್ಜಿ ಮಾತೂ ಹಿಂಗೇ ಸತ್ತುಹೋಗಿದ್ರೆ?" ಅಂದಳು ಅವಳು, ನೀರನ್ನೇ ನೋಡುತ್ತಾ.

ಡ್ರೈವರ್‌ಗೆ ಅಜ್ಜಿಯ ನೆನಪಿತ್ತು. ಒಂದು ಪಕ್ಕ ಸ್ವಾಧೀನ ತಪ್ಪಿದ್ದ ಆ ಮುದುಕಿಯನ್ನು ಇಕ್ಕಟ್ಟಾದ ಮೆಟ್ಟಿಲಿನಿಂದ ಅವನೇ ಇಳಿಸಿ ತಂದಿದ್ದ. ಜೀವ ಉಳಿದಿತ್ತು. ಮಾತು ಇನ್ನೂ ಬಂದಿರಲಿಲ್ಲ.

"ದಿನಾ ಪ್ರಾರ್ಥನೆ ಮಾಡ್ತೀನಿ. ಎಲ್ಲರೂ ತಾಳ್ಮೆ ಇರಲಿ ಅಂತಾರೆ. ಒಳಗೆ ಏನಾದ್ರೂ ನಡೀತಿದೆಯೋ ಇಲ್ವೋ ಅಂತ ಯಾರೂ ಹೇಳಲ್ಲ."

"ಅದು ನನಗೂ ಗೊತ್ತಿಲ್ಲ ಪುಟ್ಟಿ" ಅಂದ ಡ್ರೈವರ್. ಬಟ್ಟಲಿನ ನೀರಿಗೆ ಒಮ್ಮೆ ಊದಿ ಮಾತು ಮುಂದುವರಿಸಿದ. "ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಗಾಡಿ ಹಿಂದೆ ಏನಾಗ್ತಿದೆಯೋ ಅಂತ ತಡ್ಕೊಳ್ಳಕ್ಕೇ ಆಗ್ತಿರಲಿಲ್ಲ. ಒಂದು ಸಲ ನಡುದಾರೀಲಿ ನಿಲ್ಲಿಸಿ, ಇಳಿದು ಹೋಗಿ ಹಿಂದಿನ ಬಾಗಿಲು ತೆಗೆದುಬಿಟ್ಟೆ. ನರ್ಸಮ್ಮ ಹೆಂಗೆ ಬೈದ್ರು ಗೊತ್ತಾ? 'ಇಲ್ಲಿ ನಾನಿದೀನಿ. ನೀನು ಹೀಗೆ ನಿಂತು ನೋಡ್ತಾ ಇದ್ರೆ ಆಸ್ಪತ್ರೆ ಏನು ನಡ್ಕೊಂಡು ಬರುತ್ತಾ? ಹೋಗು, ಓಡಿಸು' ಅಂದ್ರು. ಅವತ್ತಿಂದ ಮುಂದೆ ನೋಡ್ಕೊಂಡು ಓಡಿಸ್ತೀನಿ. ಹಿಂದೆ ಏನಾಗ್ತಿದೆ ಅಂತ ಈಗಲೂ ಕಾಣಲ್ಲ. ಯಾರಿದಾರೆ ಅಂತ ಮಾತ್ರ ಗೊತ್ತು."

ವಕೀಲಮ್ಮ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಹಾಗಾದ್ರೆ ನಾನು ಓಡಿಸಬೇಕಾದ್ದು ಏನು?"

"ಅಜ್ಜಿ ಹತ್ರ ಕೂತು ಮಾತಾಡ್ತೀಯಾ?"

"ಮೊದಲು ಆಡ್ತಿದ್ದೆ. ಉತ್ತರ ಬರಲ್ಲ ಅಂತ ಬಿಟ್ಟುಬಿಟ್ಟೆ."

"ಬಿಡಬೇಡ" ಅಂದ ಡ್ರೈವರ್. ಬಟ್ಟಲಿಗೆ ಬೆರಳಿಟ್ಟ. ನೀರು ಹದಕ್ಕೆ ಬಂದಿತ್ತು.

ಎರಡನೆಯ ಹಿಟ್ಟು ನಾದಿ ಮುಚ್ಚುವಷ್ಟರಲ್ಲಿ ಅಪ್ಪ ಅಮ್ಮಂದಿರು ಬರತೊಡಗಿದರು. ತರಗತಿ ಮುಗಿಯುವ ಹೊತ್ತು ಆಗಿತ್ತು. ಒಬ್ಬ ತಾಯಿ ಗಡಿಯಾರ ನೋಡಿದರು. ಅವಳಿಗಳ ತಂದೆ ಕಾರಿನ ಬೀಗದ ಕೈ ಝಣಝಣ ಮಾಡುತ್ತಾ, "ಇನ್ನೂ ಎಷ್ಟು ಹೊತ್ತು?" ಅಂತ ಮೇಲಿಂದ ಮೇಲೆ ಬಾಗಿಲು ತೆಗೆದು ಇಣುಕಿದರು.

"ಅಪ್ಪಾ, ಬಾಗಿಲು ತೆಗೀಬೇಡ, ತಣ್ಣನೆ ಗಾಳಿ ಬರುತ್ತೆ. ಒಳಗೆ ಬಂದು ಕೂತ್ಕೋ" ಅಂದರು ಅವಳಿಗಳು. ಹುಟ್ಟಿದ ಮೇಲೆ ಇಬ್ಬರೂ ಒಂದೇ ಮಾತು ಹೇಳಿದ್ದು ಇದೇ ಮೊದಲೇನೋ. ತಂದೆಗೆ ಎಷ್ಟು ಆಶ್ಚರ್ಯವಾಯಿತೆಂದರೆ ನಿಜವಾಗಿಯೂ ಕೂತರು. ಅವರನ್ನು ನೋಡಿ ಮಿಕ್ಕವರೂ ಮಕ್ಕಳ ಪುಟ್ಟ ಸ್ಟೂಲುಗಳ ಮೇಲೆ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತರು. ಬೀಗ ಹಾಕಲು ಬಂದ ಸಭಾಪಾಲಕರಿಗೆ ಸ್ಟೂಲೂ ಉಳಿದಿರಲಿಲ್ಲ. ಅವರಿಗೆ ಕೂರಲು ಮೂಲೆಯಲ್ಲಿದ್ದ ಖಾಲಿ ಡಬ್ಬ ಸಿಕ್ಕಿತು.

ಕೊನೆಗೆ ಬಟ್ಟೆ ತಾನಾಗಿಯೇ ಮೇಲೇರಿ ಗುಮ್ಮಟದಂತಾಯಿತು. ತೆಗೆದು ನೋಡಿದರೆ ಹಿಟ್ಟು ಪಾತ್ರೆಯ ಅಂಚು ಮೀರಿತ್ತು. ಮಕ್ಕಳು ಹೋ ಎಂದು ಕೂಗಿದರು. ಬೀಗದ ಕೈಯ ತಂದೆ ಎಲ್ಲರಿಗಿಂತ ಜೋರಾಗಿ ಕೂಗಿದರು.

ಓವನ್ನಿನಿಂದ ಹೊರಬಂದ ಬ್ರೆಡ್ಡು ಒಂದು ಪಕ್ಕ ಸ್ವಲ್ಪ ಸೀದಿತ್ತು. ಆದರೂ ಒಂದು ಚೂರೂ ಉಳಿಯಲಿಲ್ಲ. ಬಾಯಿ ತುಂಬಿಕೊಂಡೇ ಸಭಾಪಾಲಕರು, "ಮಕ್ಕಳೇ, ಇವತ್ತು ಏನು ಕಲಿತ್ರಿ?" ಅಂತ ಕೇಳಿದರು.

"ಕುದಿಯೋ ನೀರು ಹಾಕಿದ್ರೆ ಯೀಸ್ಟ್ ಸಾಯುತ್ತೆ" ಅಂದ ಅವಳಿಗಳಲ್ಲೊಬ್ಬ.

ಡ್ರೈವರ್ ಸೂರು ನೋಡಿದ.

ವಕೀಲಮ್ಮ ತನ್ನ ಪಾಲಿನ ಮೆತ್ತನೆಯ ತಿರುಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ಹೋದಳು. ಅಜ್ಜಿ ಕಿಟಕಿಯ ಪಕ್ಕ ದಿಂಬಿಗೊರಗಿ ಕೂತಿದ್ದರು. ಚೂರು ಚೂರಾಗಿ ಅವರ ಬಾಯಿಗಿಡುತ್ತಾ, ಉತ್ತರಕ್ಕೆ ಕಾಯದೆ, ಅವಳು ಎಲ್ಲವನ್ನೂ ಹೇಳುತ್ತಾ ಹೋದಳು. ಫೋನಿನ ಸ್ಪೀಕರಿನಲ್ಲಿ ಡ್ರೈವರ್ ಹೆಂಡತಿ "ಕೊಂದ್ರಿ" ಅಂದ ಜಾಗಕ್ಕೆ ಬಂದಾಗ ಅಜ್ಜಿಯ ಭುಜ ಕುಲುಕಿತು. ಮೊದಲು ಅವಳಿಗೆ ಗಾಬರಿಯಾಯಿತು, ಗಂಟಲಿಗೆ ಸಿಕ್ಕಿಕೊಂಡಿತೇನೋ ಅಂತ. ಬಗ್ಗಿ ನೋಡಿದರೆ ಅಜ್ಜಿ ನಗುತ್ತಿದ್ದರು. ಬಾಯಿಯ ಒಂದು ಪಕ್ಕದಿಂದ ಮಾತ್ರ, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು.

ವಕೀಲಮ್ಮ ಮಂಚದ ಮೇಲೆ ಕಾಲು ಮಡಿಸಿ ಕೂತು ಆ ಭಾಗವನ್ನು ಇನ್ನೊಂದು ಸಲ, ಈ ಸಲ ಕೊಂಚ ಉಪ್ಪುಖಾರ ಸೇರಿಸಿ ಹೇಳಿದಳು.