ಹಿಂದಿನ ಹಲಗೆ

ಪರಶುರಾಮ ಕಟ್ಟಿದ ಹಾಯಿದೋಣಿ ಮೊದಲ ಸಲ ನೀರಿಗಿಳಿದ ದಿನವೇ ಅವನನ್ನು ಮುಳುಗಿಸಿಬಿಡುತ್ತಿತ್ತು. ಹೊಸಪೇಟೆಯಲ್ಲಿ ಅದಿರು ಲಾರಿಗಳಿಗೆ ಬಾಡಿ ಕಟ್ಟುವುದು ಅವನ ಕಸುಬು. ದಿನವಿಡೀ ಸುತ್ತಿಗೆ, ವೆಲ್ಡಿಂಗು, ಡೀಸೆಲ್ ಹೊಗೆ. ಸದ್ದಿಲ್ಲದೆ, ಹೊಗೆಯಿಲ್ಲದೆ, ಬರೀ ಗಾಳಿಯಿಂದ ಓಡುವಂಥದ್ದೊಂದನ್ನು ಕೈಯಾರೆ ಕಟ್ಟಬೇಕು ಎಂಬ ಹುಚ್ಚು ಅವನಿಗೆ ಎಲ್ಲಿಂದ ಹಿಡಿಯಿತೋ, ಹೆಂಡತಿ ರೇಣುಕಾದೇವಿಗೂ ತಿಳಿಯದು. ಡ್ಯಾಂ ಹಿನ್ನೀರಿನ ದಡದಲ್ಲಿ ತಗಡಿನ ಶೆಡ್ ಹಾಕಿಕೊಂಡು, ರಜೆಯ ದಿನಗಳನ್ನೆಲ್ಲ ಅಲ್ಲೇ ಸುರಿದು, ಎರಡೂ ತುದಿ ಚೂಪಾಗಿದ್ದ ದೋಣಿ ಕಟ್ಟಿದ್ದ. ನೋಡಲು ಚೆಂದವಿತ್ತು. ಆದರೆ ಹಿಂದಿನಿಂದ ಗಾಳಿ ಬೀಸಿದಾಗ ಆ ಚೂಪು ಹಿಂಬದಿ ಅಲೆಯ ಮೇಲೆ ಏಳುವ ಬದಲು ಅಲೆಯೊಳಗೇ ಹೂತುಕೊಂಡಿತು. ಸೊಂಟದ ತನಕ ನೀರು ತುಂಬಿತು. ಮೀನು ಹಿಡಿಯುವ ಹನುಮಣ್ಣ ತನ್ನ ಹರಿಗೋಲಿನಲ್ಲಿ ಬಂದು ಎಳೆಯದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಪರಶುರಾಮ ಎದೆಗುಂದಲಿಲ್ಲ. ವಾರಗಟ್ಟಲೆ ದೋಣಿಯ ಸುತ್ತ ತಿರುಗಿ ಯೋಚಿಸಿದ. ಹಿಂಬದಿಯ ಚೂಪನ್ನು ಗರಗಸದಿಂದ ಕೊಯ್ದು ತೆಗೆದು, ಎರಡೂ ಮಗ್ಗುಲನ್ನು ಅಗಲಿಸಿ, ಅಲ್ಲಿ ಒಂದು ಅಗಲವಾದ ಚಪ್ಪಟೆ ಹಲಗೆ ಕೂಡಿಸಬೇಕು. ಆಗ ಹಿಂದಿನಿಂದ ಬಂದ ಅಲೆ ದೋಣಿಯನ್ನು ಎತ್ತುತ್ತದೆ, ನುಂಗುವುದಿಲ್ಲ. ತಾನೇ ಕಟ್ಟಿದ್ದನ್ನು ತಾನೇ ಕೊಯ್ಯಲು ಮನಸ್ಸು ಒಪ್ಪಲಿಲ್ಲ. ಆದರೂ ಕೊಯ್ದ. ಆಷಾಢದ ಗಾಳಿ ಏಳುವ ಹೊತ್ತಿಗೆ ಹೊಸ ಹಲಗೆ ತನ್ನ ಜಾಗಕ್ಕೆ ಬಂದು ಕೂತಿತ್ತು. ಅಳತೆ ನೋಡಲೆಂದು ನಾಲ್ಕೇ ನಾಲ್ಕು ಸ್ಕ್ರೂ ಬಿಗಿದಿದ್ದ. ಸಂದಿಗೆಲ್ಲ ಬರೀ ಮೇಣ ಮೆತ್ತಿ, ನೀರು ಎಲ್ಲಿ ಜಿನುಗುತ್ತದೆಂದು ನೋಡಲು ದೋಣಿಯನ್ನು ದಡದ ಅಂಚಿಗೆ ಇಳಿಸಿ ಕಟ್ಟಿದ್ದ. ಅಂಟು ಹಾಕುವುದು, ಮೂಲೆಗಳಿಗೆ ಒಳಗಿನಿಂದ ಆಸರೆಕಟ್ಟಿಗೆ ಕೊಟ್ಟು ಬೋಲ್ಟ್ ಹಾಕುವುದು, ಎಲ್ಲ ಇನ್ನೂ ಬಾಕಿಯಿತ್ತು.

ಆ ಮಧ್ಯಾಹ್ನ ಚಹಾ ಕುಡಿದು ಶೆಡ್ಡಿಗೆ ಮರಳಿದಾಗ ದೋಣಿಯ ಹಿಂದೆ ಒಬ್ಬ ಬಗ್ಗಿ ನಿಂತಿದ್ದ. ರಾಯಣ್ಣ, ರೇಣುಕಾದೇವಿಯ ತಮ್ಮ. ಗಾದಿಗನೂರಿನವ, ಕಲ್ಲು ಕ್ವಾರಿಯಲ್ಲಿ ಮದ್ದು ಸಿಡಿಸುವ ಕೆಲಸ. ಅಲ್ಲಿಂದ ಜಿಲೆಟಿನ್ ಕಡ್ಡಿ ಕದ್ದು ತಂದು ಹಿನ್ನೀರಿನಲ್ಲಿ ಸಿಡಿಸಿ, ಹೊಟ್ಟೆ ಮೇಲಾಗಿ ತೇಲುವ ಮೀನನ್ನು ಗೋರಿಕೊಳ್ಳುತ್ತಾನೆಂದು ಊರಿಗೆಲ್ಲ ಗೊತ್ತಿತ್ತು. ಹೊಸ ಹಲಗೆಯ ಮೇಲೆ ಅವನು ದೋಣಿ ಓಡಿಸುವ ಒಂದು ಹಳೇ ಮೋಟರನ್ನು ಕೂಡಿಸಿ, ಹಲಗೆಗೆ ಕಚ್ಚುವ ಅದರ ಹಿಡಿ ಬಿಗಿಯುತ್ತಿದ್ದ.

"ಬಾ ಮಾಮಾ, ನೋಡು, ಹೆಂಗ ಕುಂತೈತಿ! ನನ್ ಸಲುವಾಗೇ ಚಪ್ಪಟಿ ಮಾಡೀದಿ ಅನಸ್ತೈತಿ."

"ತಗಿ ಅದನ್ನ."

"ಹಾಯಿ ಗೀಯಿ ಕಿತ್ತು ಒಗಿ. ಡ್ಯಾಂ ಗಾರ್ಡ್ ಬರೂದ್ರಾಗ ಜಲ್ದಿ ಪಾರಾಗಾಕ ಇಂಥಾದೊಂದು ನನಗ ಬೇಕಿತ್ತು. ಬಂದದ್ರಾಗ ನಿನಗೂ ಪಾಲು."

"ತಗೀತಿಯೋ, ನೀರಿಗೆ ಒಗೀಲೋ?"

ರಾಯಣ್ಣ ನಕ್ಕ. ಬಾಯಿಂದ ಹೆಂಡದ ವಾಸನೆ ಬಡಿಯಿತು. ಪರಶುರಾಮ ಮೋಟರಿಗೆ ಕೈ ಹಾಕಿದ. ರಾಯಣ್ಣ ಅವನ ಎದೆಗೆ ಒದ್ದ. ಕೆಸರಿನಲ್ಲಿ ಬಿದ್ದವನು ಎದ್ದು ಬಂದು ಬಾಮೈದನ ದವಡೆಗೆ ಗುದ್ದಿದ. ಲಾರಿ ಬಾಡಿಗೆ ಸುತ್ತಿಗೆ ಬೀಸಿ ಬೀಸಿ ಗಟ್ಟಿಯಾದ ಕೈ ಅದು. ರಾಯಣ್ಣನ ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು. ಇಬ್ಬರೂ ಒಬ್ಬರ ಕುತ್ತಿಗೆ ಒಬ್ಬರು ಹಿಡಿದು ಮೊಣಕಾಲುದ್ದ ನೀರಿನಲ್ಲಿ ಉರುಳಾಡಿದರು. ರಾಯಣ್ಣ ಅವನ ತಲೆಯನ್ನು ನೀರಿನೊಳಗೆ ಒತ್ತಿ ಹಿಡಿದ. ಮೂಗಿಗೆ ಕೆಸರು ನುಗ್ಗಿತು, ಕಿವಿಯಲ್ಲಿ ಗುಂಯ್ ಎಂದಿತು. ಪರಶುರಾಮ ಕೈಗೆ ಸಿಕ್ಕ ಕಲ್ಲಿನಿಂದ ಅವನ ಮೊಣಕಾಲಿಗೆ ಜಜ್ಜಿ ಬಿಡಿಸಿಕೊಂಡ. ಎದ್ದು, ಎಡಗೈಯಿಂದ ದೋಣಿಯ ಅಂಚು ಹಿಡಿದು ಕೆಮ್ಮುತ್ತಿದ್ದಾಗ ರಾಯಣ್ಣ ದಡದಲ್ಲಿದ್ದ, ಮರ ಕೆತ್ತುವ ಬಾಚಿಯನ್ನು ಎತ್ತಿಕೊಂಡ.

ಬಾಚಿ ಬೀಸಿ ಬಂದದ್ದು ಕಂಡಿತು. ನೋವು ಗೊತ್ತಾಗಲಿಲ್ಲ. ಕಿರುಬೆರಳೂ ಉಂಗುರದ ಬೆರಳೂ ಎಡಗೈಯಲ್ಲಿಲ್ಲ ಎಂಬುದು ಮಾತ್ರ ಕಂಡಿತು.

ಅದೇ ಹೊತ್ತಿಗೆ ಬುತ್ತಿ ಹಿಡಿದು ರೇಣುಕಾದೇವಿ ಬಂದಳು. ನೋಡಿದವಳೇ ಕಿಟಾರನೆ ಕಿರುಚಿ, ಕೈಯಲ್ಲಿದ್ದ ಸ್ಟೀಲ್ ಡಬ್ಬಿಯಿಂದ ತಮ್ಮನ ಹಣೆಗೆ ಬಾರಿಸಿದಳು. ಅನ್ನ ಸಾರು ಚೆಲ್ಲಾಡಿತು.

"ಏನ್ ಮಾಡಿದೆಲೇ ಭಾಡ್ಯಾ! ನಿನ್ ಕೈಗೆ ಹಾವು ಕಡೀಲಿ!"

ಅವಳ ಕೂಗಿಗೆ ಗದ್ದೆಯಲ್ಲಿದ್ದ ಆಳುಗಳು ಕಾಲುದಾರಿ ಹಿಡಿದು ಓಡಿಬರತೊಡಗಿದರು, ಮುಂದೆ ಹನುಮಣ್ಣ. ರಾಯಣ್ಣನ ಜಿಲೆಟಿನ್ ಚೀಲ ದೋಣಿಯಲ್ಲಿತ್ತು. ಸಿಕ್ಕಿಬಿದ್ದರೆ ಉಳಿಗಾಲವಿಲ್ಲವೆಂದು ಅವನಿಗೆ ಹೊಳೆಯಿತು. ಬಾಚಿ ಬಿಸುಟು, ಹಗ್ಗ ಬಿಚ್ಚಿ, ದೋಣಿಯನ್ನು ನೀರಿಗೆ ತಳ್ಳಿ ಹತ್ತಿದ. ದಾರ ಎಳೆದ ಎರಡನೇ ಸಲಕ್ಕೆ ಮೋಟರ್ ಬಡಬಡಿಸಿತು.

ಪರಶುರಾಮ ನೋಡುತ್ತಾ ನಿಂತ. ಹಲಗೆಗೆ ನಾಲ್ಕೇ ಸ್ಕ್ರೂ. ಅಂಟಿಲ್ಲ. ಮೋಟರಿನ ಭಾರವೆಲ್ಲ ಅದರ ಮೇಲೆ. ಒಳಗೆ ಹೋದಷ್ಟೂ ಅಲೆ ದೊಡ್ಡದು. ಕೂಗಿ ಹೇಳಿದ್ದರೆ ಇನ್ನೂ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದ. ಬಾಯಿ ತೆರೆದ. ಕೈಯಿಂದ ರಕ್ತ ಕಾಲ ಮೇಲೆ ಬಿಸಿಬಿಸಿಯಾಗಿ ಸುರಿಯುತ್ತಿತ್ತು. ಹೋಗಲಿ, ಸಾಯಲಿ ಎಂದುಕೊಂಡ. ಬಾಯಿ ಮುಚ್ಚಿದ.

ರೇಣುಕಾದೇವಿ ಸೆರಗು ಹರಿದು ಅವನ ಕೈಗೆ ಬಿಗಿಯಾಗಿ ಸುತ್ತುತ್ತಿದ್ದಳು. ತಲೆಯೆತ್ತಿ ಗಂಡನ ಮುಖ ನೋಡಿದಳು. ಅವನ ಕಣ್ಣು ದೋಣಿಯ ಮೇಲೇ ಇತ್ತು. ಆ ನೋಟದಲ್ಲಿ ಅವಳಿಗೆ ಏನೋ ತಿಳಿಯಿತು.

"ಯಾಕ ಹಂಗ ನೋಡಾಕತ್ತೀರಿ? ದೋಣಿ ಗಟ್ಟಿ ಐತಿಲ್ರಿ?"

ಅವನು ಕೈ ಹಿಂದಕ್ಕೆಳೆದುಕೊಂಡ.

"ಅವ್ನಿಗೆ ಈಜು ಬರಂಗಿಲ್ರಿ! ಹೇಳ್ರಿ, ಗಟ್ಟಿ ಐತೋ ಇಲ್ಲೋ?"

"ಇಲ್ಲ," ಅಂದ ಪರಶುರಾಮ. "ಹಿಂದಿನ ಹಲಗಿ ಕಿತ್ತು ಬರ್ತೈತಿ."

ಅವಳು ಅವನ ಕೆನ್ನೆಗೆ ಹೊಡೆದಳು. ಮದುವೆಯಾದಾಗಿನಿಂದ ಅವನ ಮೇಲೆ ಅವಳ ಕೈ ಎದ್ದದ್ದು ಅದೇ ಮೊದಲು. "ಹನುಮಣ್ಣಾ, ಹರಿಗೋಲು!" ಎನ್ನುತ್ತ ನೀರಿನತ್ತ ಓಡಿದಳು. ಪರಶುರಾಮ ಅವಳ ಹಿಂದೆ ಓಡಿದ್ದು ಬಾಮೈದನಿಗಾಗಿಯೋ ಹೆಂಡತಿಗಾಗಿಯೋ ಅವನಿಗೇ ತಿಳಿಯದು.

ಮೂವರೂ ಹತ್ತಿದ ಹರಿಗೋಲು ಗಾಳಿಗೆ ಗಿರಗಿರನೆ ತಿರುಗುತ್ತಿತ್ತು. ಹನುಮಣ್ಣ ಹಲ್ಲು ಕಚ್ಚಿ ಹುಟ್ಟು ಹಾಕುತ್ತಿದ್ದ. ಅಷ್ಟು ದೂರದಲ್ಲಿ ರಾಯಣ್ಣ ಹಿಂದೆ ನೋಡಿ, ಬೆನ್ನಟ್ಟಿ ಬಂದರೆಂದು ಮೋಟರಿನ ವೇಗ ಪೂರ್ತಿ ಏರಿಸಿದ. ದೋಣಿಯ ಮೂತಿ ಮೇಲೆದ್ದಿತು. ಟೊಂಗೆ ಮುರಿದಂಥ ಸದ್ದು ನೀರಿನ ಮೇಲೆ ಹಾದು ಬಂತು. ಹಲಗೆ, ಮೋಟರು ಎರಡೂ ಒಟ್ಟಿಗೆ ಕಿತ್ತುಹೋದವು. ಹಿಂಬದಿಯ ಬಾಯಿಯಿಂದ ನೀರು ನುಗ್ಗಿತು. ರಾಯಣ್ಣ ಚೀಲ ಸಮೇತ ಕಾಣೆಯಾದ.

"ಅಯ್ಯೋ ನಮ್ಮಪ್ಪಾ!" ಎಂದು ರೇಣುಕಾದೇವಿ ಬಾಯಿ ಬಡಿದುಕೊಂಡಳು.

ಅವರು ಹತ್ತಿರ ಹೋದಾಗ ದೋಣಿ ಮಗುಚಿ ತೇಲುತ್ತಿತ್ತು. ರಾಯಣ್ಣ ಅದರ ಬೆನ್ನಿಗೆ ಉಗುರು ಊರಿ ಜಾರುತ್ತಿದ್ದ. ಹರಿಗೋಲು ಕಂಡದ್ದೇ ತಡ, ಹುಚ್ಚನಂತೆ ಜಿಗಿದು ಅದರ ಅಂಚಿಗೆ ಜೋತುಬಿದ್ದ. ಹರಿಗೋಲು ವಾಲಿತು, ಒಂದು ಕಡೆಯಿಂದ ನೀರು ಒಳಗೆ ಸುರಿಯಿತು.

"ಬಿಡಲೇ! ಎಲ್ಲಾರೂ ಸಾಯ್ತೀವಿ!" ಹನುಮಣ್ಣ ಅರಚಿದ.

ರಾಯಣ್ಣ ಬಿಡಲಿಲ್ಲ. ಅಕ್ಕನ ಕೂದಲು ಅವನ ಕೈಗೆ ಸಿಕ್ಕಿತು, ಹಿಡಿದು ಜಗ್ಗಿದ. ಅವಳ ತಲೆ ನೀರಿಗಿಳಿಯಿತು. ಪರಶುರಾಮ ಹುಟ್ಟು ಕಸಿದುಕೊಂಡು ಬಲಗೈಯಿಂದ ಅವನ ಮುಖಕ್ಕೆ ಬೀಸಿದ. ರಾಯಣ್ಣ ಕೂದಲು ಬಿಟ್ಟ. ಇನ್ನೊಂದು ಏಟಿಗೆ ಹರಿಗೋಲನ್ನೂ ಬಿಟ್ಟ. ಮತ್ತೊಂದು ಏಟು ಬೇಕಿರಲಿಲ್ಲ. ಅದನ್ನೂ ಪರಶುರಾಮ ಹಾಕಿದ, ಇಡೀ ಮೈಯ ಬಲ ಕೂಡಿಸಿ ಹಾಕಿದ. ಹಲ್ಲು ಮುರಿದದ್ದು ಹುಟ್ಟಿನೊಳಗಿಂದ ಅವನ ಅಂಗೈಗೆ ತಾಗಿತು.

ರಾಯಣ್ಣನ ಮೈ ಸಡಿಲವಾಯಿತು. ಮುಳುಗುವ ಮುಂಚೆ ಪರಶುರಾಮ ಬಾಗಿ ಅವನ ಅಂಗಿಯ ಕಾಲರು ಹಿಡಿದ. ಎಡಗೈಯನ್ನೂ ಹಾಕಬೇಕಾಯಿತು. ಆಗ ಬಂದ ನೋವಿಗೆ ಅವನು ದನದಂತೆ ಕೂಗಿಕೊಂಡ. ಆದರೆ ಬಿಡಲಿಲ್ಲ. ಮೂವರೂ ಸೇರಿ ಅವನನ್ನು ಒಳಗೆಳೆದು ಹಾಕಿದರು. ಹನುಮಣ್ಣ ದಡದತ್ತ ಹುಟ್ಟು ಹಾಕಿದ.

ರಾಯಣ್ಣ ಬದುಕಿದ. ದವಡೆಗೆ ತಂತಿ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದವನನ್ನು ಅಲ್ಲಿಂದಲೇ ಪೊಲೀಸರು ಕರೆದೊಯ್ದರು. ಪರಶುರಾಮನ ಬೆರಳು ಕೂಡಿಸಲಾಗಲಿಲ್ಲ. ರೇಣುಕಾದೇವಿ ಅವನ ಗಾಯ ಒಣಗುವವರೆಗೆ ಉಣಿಸಿ ತಿನಿಸಿ, ಗಾದಿಗನೂರಿಗೆ ತಾಯಿಯ ಬಳಿ ಹೋದಳು.

ಹನುಮಣ್ಣ ಎಳೆದು ತಂದಿದ್ದ ದೋಣಿಯ ಮುಂದೆ ಪರಶುರಾಮ ದಿನಗಟ್ಟಲೆ ಸುಮ್ಮನೆ ಕೂತ. ಆಮೇಲೆ ಕೆಲಸ ಹಿಡಿದ. ಹಿಂಬದಿಗೆ ಮೊದಲಿಗಿಂತ ದಪ್ಪನೆಯ ಹಲಗೆ ಕೊಯ್ದ. ಮೂರೇ ಬೆರಳಿನ ಕೈಯಲ್ಲಿ ಹಲಗೆ ಹಿಡಿದು ಬೋಲ್ಟ್ ಕೂಡಿಸುವುದು ಆಗುತ್ತಿರಲಿಲ್ಲ. ಜಾರಿ ಜಾರಿ ಬೀಳುತ್ತಿತ್ತು.

ಮಹಾನವಮಿ ಸಮೀಪಿಸಿದಾಗ ರೇಣುಕಾದೇವಿ ಮರಳಿದಳು. ಮನೆಗೆ ಹೋಗದೆ ನೇರ ಶೆಡ್ಡಿಗೇ ಬಂದಳು. ಚೀಲ ಕೆಳಗಿಟ್ಟು, ಕಿತ್ತುಹೋದ ಜಾಗವನ್ನು ಬೆರಳಿನಿಂದ ಸವರಿ ನೋಡಿದಳು.

"ನಾ ಕೇಳದಿದ್ರ ಹೇಳ್ತಿದ್ರೇನು?"

ಇಷ್ಟು ದಿನ ಅವನು ಇದಕ್ಕೆ ನೂರು ಉತ್ತರ ಹುಡುಕಿಟ್ಟುಕೊಂಡಿದ್ದ.

"ಇಲ್ಲ."

"ನನಗೂ ಹಂಗ ಅನ್ಸಿತ್ತು." ಅವಳು ಅಲ್ಲೇ ಮರದ ಪುಡಿಯ ಮೇಲೆ ಕುಳಿತಳು. "ಅವ್ವ ನಿಮ್ಮ ಮಕ ನೋಡಂಗಿಲ್ಲ ಅಂದಾಳ. ಮೂರನೇ ಏಟಿನ ಮಾತು ಹನುಮಣ್ಣ ಊರೆಲ್ಲಾ ಹೇಳ್ಯಾನ."

"ಹೇಳ್ಲಿ. ಖರೇ ಐತಲ್ಲ."

"ನಿಮ್ಮ ಮ್ಯಾಲಿನ ಸಿಟ್ಟು ನನಗ ಇಳದಿಲ್ರಿ. ಇಳೀತೈತೋ ಇಲ್ಲೋ ಗೊತ್ತಿಲ್ಲ."

ಅವನು ತಲೆಯಾಡಿಸಿ ಮತ್ತೆ ಹಲಗೆ ಎತ್ತಿದ. ಅದು ಮತ್ತೆ ಜಾರಿತು. ಅವಳು ಎದ್ದು ಬಂದು, ಇನ್ನೊಂದು ತುದಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಅವನ ಕಡೆ ನೋಡಲಿಲ್ಲ.

"ಹೂಂ, ಬಿಗೀರಿ," ಅಂದಳು.